ಸೂರ್ಯನಿಗೂ ಪಹಣಿ

'ಸಮುದಾಯ' ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವ ಸಮುದಾಯ? ಊರಿನದೋ, ಕೇರಿಯದೋ?

ಹೀಗೆ ಕೇಳಿದರೆ ಕೆಲವರಿಗೆ ಸಿಟ್ಟು ಬರ್ತದೆ. "ಎಲ್ಲದಕ್ಕೂ ಜಾತಿ ಎಳೆದು ತರ್ತೀರಲ್ಲಪ್ಪ, ಬಿಸಿಲಿಗೂ ಗಾಳಿಗೂ ಜಾತಿ ಉಂಟೇನು?" ಅಂತಾರೆ. ಬಿಸಿಲಿಗೆ ಜಾತಿ ಇಲ್ಲ, ಒಪ್ಪೋಣ. ಆದರೆ ಬಿಸಿಲು ಬೀಳುವ ನೆಲಕ್ಕೆ ಪಹಣಿ ಇದೆ. ಆ ಪಹಣಿಯ ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರಿದೆ. ಆ ಹೆಸರಿನ ಬೆನ್ನಿಗೆ ಜಾತಿ ಇದೆ. ಬಿಸಿಲನ್ನು ಕರೆಂಟು ಮಾಡಿ ಮಾರುವ ಕಾಲ ಬಂದ ಮೇಲೆ ನೆಲದ ಜಾತಿಯೇ ಬಿಸಿಲಿನ ಜಾತಿಯಾಗಿ ಕೂತಿದೆ. ಇಷ್ಟು ಕಾಲ ಸೂರ್ಯನೊಬ್ಬನಾದರೂ ಎಲ್ಲರ ಸೊತ್ತಾಗಿ ಉಳಿದಿದ್ದ. ಈಗ ಅವನಿಗೂ ಪಹಣಿ ಬಂತು.

ವಿಮರ್ಶೆ ಅಂದರೆ ಕವನ ಸಂಕಲನಗಳಿಗೆ ಮುನ್ನುಡಿ ಬೆನ್ನುಡಿ ಬರೆಯೋದು ಅಂತ ತಿಳಿದವರು ಹಾಗೇ ತಿಳಿದುಕೊಂಡಿರಲಿ. ನಮ್ಮ ಲೆಕ್ಕದಲ್ಲಿ ಸರ್ಕಾರದ ಯೋಜನೆಯೂ ಒಂದು ಕೃತಿ. ಅದಕ್ಕೂ ಭಾಷೆ ಇದೆ, ಶೈಲಿ ಇದೆ, ನಾಯಕ ಇದ್ದಾನೆ. ಕಥೆಯಿಂದ ಆಚೆ ನಿಲ್ಲಿಸಿದ ಜನ ಇದ್ದಾರೆ. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು ನಾವು. ಅಪ್ಪ ಅವ್ವಂದಿರು ಹೆಬ್ಬೆಟ್ಟು ಒತ್ತಿ ಬಂದ ಕಾಗದಗಳನ್ನು ಓದಿ ಅರ್ಥ ಹೇಳೋದೇ ನಮ್ಮ ಪಾಲಿಗೆ ಬಂದ ಮೊದಲ ವಿಮರ್ಶೆ. ಅದನ್ನೇ ಇಲ್ಲಿ ಮಾಡ್ತೀವಿ. ದೂರ ಹೋಗೋದು ಆಮೇಲೆ ಇರಲಿ, ಮೊದಲು ತುಮಕೂರು ಜಿಲ್ಲೆಯೊಂದನ್ನೇ ಎದುರಿಗೆ ಇಟ್ಟುಕೊಳ್ಳೋಣ. ಕುಣಿಗಲ್, ಕೊರಟಗೆರೆ, ಪಾವಗಡ: ಈ ಮೂರು ತಾಲ್ಲೂಕಿನೊಳಗೆ 'ಸಮುದಾಯ ಇಂಧನ' ಎಂಬ ಮಾತಿನ ಏಳು ಬೀಳು ಪೂರ್ತಿ ಸಿಗ್ತದೆ.

ಓದುವ ಮೊದಲು ಒಂದು ಮಾತು ಸ್ಪಷ್ಟ ಇರಲಿ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಿಂದ ಭೂಮಿ ಕಾಯ್ತಾ ಇದೆ, ಮಳೆಯ ಲೆಕ್ಕ ತಪ್ಪಿದೆ. ಇದು ಯಾರೋ ಕಟ್ಟಿದ ಕಥೆಯಲ್ಲ. ಆ ಬೇಗೆ ತಣ್ಣನೆ ಕೋಣೆಯಲ್ಲಿ ಕೂತವನಿಗೆ ತಾಕೋದು ತಡ. ಮಧ್ಯಾಹ್ನ ಎರಡು ಗಂಟೆಗೆ ಇಟ್ಟಿಗೆ ಗೂಡಿನ ಮುಂದೆ ನಿಂತ ಮೈಗೆ, ರಸ್ತೆಗೆ ತಾರು ಸುರಿಯುವ ಕೈಗೆ, ಕಡ್ಲೆಕಾಯಿ ಹೊಲದಲ್ಲಿ ಬಗ್ಗಿದ ಬೆನ್ನಿಗೆ ಅದು ಮೊದಲು ತಾಕ್ತದೆ. ತಗಡಿನ ಸೂರಿನ ಕೆಳಗೆ ರಾತ್ರಿಯೂ ಬಿಡೋದಿಲ್ಲ. ಹೊಗೆ ಕಡಿಮೆ ಎಬ್ಬಿಸಿದವರೇ ಹೆಚ್ಚು ಬೇಯ್ತಾ ಇದ್ದಾರೆ. ಆದ್ದರಿಂದ ಬಿಸಿಲು ಗಾಳಿಯಿಂದ ಕರೆಂಟು ಮಾಡಬೇಕು, ಹಳ್ಳಿಹಳ್ಳಿಯೇ ಅದನ್ನು ಮಾಡಿಕೊಳ್ಳಬೇಕು, ಪಂಚಾಯ್ತಿಗಳು ಮುಂದೆ ನಿಲ್ಲಬೇಕು ಅನ್ನೋ ಮಾತಿಗೆ ನಮ್ಮ ಎದುರಿಲ್ಲ. ಎಲ್ಲರಿಗಿಂತ ಹೆಚ್ಚಿನ ಅವಸರ ನಮ್ಮದೇ. ನಮ್ಮ ತಕರಾರು ಇರೋದು ಪಾಲಿನ ಬಗ್ಗೆ.

*

ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅಂತ ಒಂದು ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಅಮೂಲ್ಯ ರೆಡ್ಡಿ ಮತ್ತವರ ಸಂಗಡಿಗರು ಪ್ರಯೋಗಶಾಲೆಯ ಬಾಗಿಲು ದಾಟಿ ಉಂಗ್ರದ ಸುತ್ತಿನ ಹಳ್ಳಿಗಳಿಗೆ ಬಂದರು. ಯಾವ ಮನೆ ಎಷ್ಟು ಸೌದೆ ಸುಡ್ತದೆ, ಅದನ್ನು ಯಾರು ಹೊತ್ತು ತರ್ತಾರೆ, ನೀರಿಗೆ ಎಷ್ಟು ದೂರ ನಡೀತಾರೆ ಅಂತ ಮನೆಮನೆಗೆ ಹೋಗಿ ಬರೆದುಕೊಂಡರು. ಹಳ್ಳಿಯ ಇಂಧನ ಅಂದರೆ ಬಹುಪಾಲು ಸೌದೆ, ಸೌದೆ ಅಂದರೆ ಹೆಂಗಸರು ಮಕ್ಕಳು ಸವೆಸಿದ ದಾರಿ ಅನ್ನೋದು ಕಾಗದದ ಮೇಲೆ ಬಂತು. ನಮ್ಮ ಅವ್ವಂದಿರ ತಲೆಹೊರೆಯನ್ನು ವಿಜ್ಞಾನ ಅಂಕಿಯಲ್ಲಿ ಬರೆದದ್ದು ಚಿಕ್ಕ ಕೆಲಸ ಅಂತ ನಾವು ಹೇಳೋದಿಲ್ಲ.

ಪುರದಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡಬೇಕು ಅಂತ ಮೊದಲ ಯೋಚನೆ. ಎಲ್ಲ ಮನೆಯ ಒಲೆಗೆ ಸಾಲುವಷ್ಟು ಗ್ಯಾಸ್ ಹುಟ್ಟಲಿಲ್ಲ, ಆ ದಾರಿ ಬಿಟ್ಟರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು. ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ತೂಕದ ಮೇಲೆ ಪುಡಿಗಾಸು, ಹಾಕಿದ್ದಕ್ಕೆ ತಕ್ಕಂತೆ ಬಗ್ಗಡದ ಗೊಬ್ಬರ ವಾಪಸು. ಹತ್ತಿರ ಹತ್ತು ವರ್ಷ ಇದು ನಡೆಯಿತು. ಎಲ್ಲರ ಸೊತ್ತು ಅಂದರೆ ಒಬ್ಬೊಬ್ಬನೂ ದೋಚಿ ಹಾಳು ಮಾಡ್ತಾನೆ ಅನ್ನೋ ವಾದಕ್ಕೆ ರೆಡ್ಡಿ ಪುರವನ್ನೇ ಉತ್ತರವಾಗಿ ಇಟ್ಟರು. ಸಗಣಿ ಕೊಡದೆ ಕೂತವನ ಮನೆಯ ನಲ್ಲಿ, ದೀಪ ನಿಲ್ತದೆ. ಹಾಗಾಗಿ ಒಬ್ಬನ ಹಿತ, ಊರಿನ ಹಿತ ಒಂದೇ ನೊಗಕ್ಕೆ ಬಂದವು ಎಂಬುದು ಅವರ ವಾದದ ಸಾರ.

ಇದನ್ನು ಗೌರವದಿಂದಲೇ ಓದಬೇಕು. ಗೌರವದಿಂದ ಓದಿಯೂ ಒಂದು ಪ್ರಶ್ನೆ ಉಳೀತದೆ: ಸಗಣಿ ಯಾರದು? ದನ ಇದ್ದವನದು. ದನ ಇಲ್ಲದ ಮನೆಯ ಹೆಂಗಸು ದಾರಿಯಲ್ಲಿ, ಗೋಮಾಳದಲ್ಲಿ ಬಿದ್ದದ್ದನ್ನು ಬುಟ್ಟಿಗೆ ಆಯ್ದು, ಬೆರಣಿ ತಟ್ಟಿ ಒಲೆ ಹಚ್ಚಿದವಳು. ಗೋಬರ್ ಗ್ಯಾಸ್ ಯೋಜನೆಗಳು ದೇಶದ ತುಂಬ ಹಬ್ಬಿದ 1970ರ ದಶಕದಲ್ಲೇ ಈ ಆಕ್ಷೇಪ ಎದ್ದಿತ್ತು. ಬಿಟ್ಟಿ ಬಿದ್ದಿದ್ದ ಸಗಣಿಗೆ ಬೆಲೆ ಬಂದ ದಿನ ಅದು ದನದ ಒಡೆಯನ ಸೊತ್ತಾಗ್ತದೆ, ಆಯುವವಳ ಬುಟ್ಟಿ ಖಾಲಿಯಾಗ್ತದೆ. ಪುರ ಇದಕ್ಕೆ ಅರ್ಧ ಉತ್ತರ ಕೊಟ್ಟಿತು. ನೀರು, ದೀಪ ಊರೊಟ್ಟಿನದಾಯ್ತು. ಗೊಬ್ಬರ ಮಾತ್ರ ಸಗಣಿ ಹಾಕಿದವನ ಹೊಲಕ್ಕೆ ಹೋಯ್ತು. ಒಲೆಯ ಹೊಗೆ ಹೆಂಗಸರ ಕಣ್ಣಿನಲ್ಲೇ ಉಳಿಯಿತು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಇನ್ನೊಂದು ಪ್ರಯೋಗ. ಬೆಳೆಸಿದ ಮರದ ಸೌದೆಯನ್ನು ಗ್ಯಾಸಿಫೈಯರಿನಲ್ಲಿ ಅನಿಲ ಮಾಡಿ ಎಂಜಿನ್ ಓಡಿಸೋದು. ಎಲ್ಲ ಮನೆಗೂ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ. ಇದೂ ಹತ್ತು ವರ್ಷಕ್ಕೂ ಮೇಲೆ ನಡೆಯಿತು. ಆಮೇಲೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆ. ಅಲ್ಲಿ 500 ಕಿಲೋವ್ಯಾಟಿನ ಗ್ಯಾಸಿಫೈಯರ್ ಘಟಕ 2007ರಲ್ಲಿ ಸರ್ಕಾರಿ ತಂತಿಗೇ ಕರೆಂಟು ತುಂಬತೊಡಗಿತು. ಹಳ್ಳಿ ಕರೆಂಟು ಕೊಂಡು ಉರಿಸೋದು ಮಾತ್ರವಲ್ಲ, ಮಾಡಿ ಮಾರಲೂಬಹುದು ಅಂತ ತೋರಿಸಿದ ಘಟಕ ಅದು. ಆದರೆ ಮಾರುವವನ ಹೆಸರು ಹಳ್ಳಿಯದಾದರೂ ಬೆಲೆ ಕಟ್ಟುವ ಕೈ ಹಳ್ಳಿಯದಾಗಿರಲಿಲ್ಲ. ರಾಗಿ ಬೆಳೆದವನಿಗೂ ರೇಷ್ಮೆಗೂಡು ಬೆಳೆದವನಿಗೂ ಗೊತ್ತಿರುವ ಹಳೇ ಕಥೆಯೇ.

ಪುರ, ಹೊಸಹಳ್ಳಿಗಳು ಸಣ್ಣವು. ಅವುಗಳಲ್ಲಿ ಕೊರತೆ ಇತ್ತು, ಕೊನೆಗೆ ನಿಂತೂ ಹೋದವು. ಆದರೂ ಒಂದು ಗುಣ ಗಮನಿಸಿ: ನಿನಗೆ ಎಷ್ಟು ಎಕರೆ ಇದೆ ಅಂತ ಕೇಳಿ ಅಲ್ಲಿ ದೀಪ ಕೊಡಲಿಲ್ಲ. ಈ ಒಂದು ವಾಕ್ಯವನ್ನು ಕೈಯಲ್ಲಿ ಹಿಡಿದುಕೊಂಡು ಜಿಲ್ಲೆಯ ಬಡಗಣ ತುದಿಗೆ ಹೋಗೋಣ.

*

ಪಾವಗಡ. ಬರಕ್ಕೂ ಫ್ಲೋರೈಡ್ ನೀರಿಗೂ ಹೆಸರಾದ ತಾಲ್ಲೂಕು. ಕೂಲಿಗೆ ಬೆಂಗಳೂರು ಬಸ್ಸು ಹತ್ತುವ ಜನ. ಅಲ್ಲಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅಂತ ಐದು ಊರು. ಆ ಊರುಗಳ ಸುಮಾರು 13,000 ಎಕರೆಯ ಮೇಲೆ ಇವತ್ತು ಕನ್ನಡಿ ಹಾಸಿದ ಹಾಗೆ ಸೋಲಾರ್ ಪ್ಯಾನಲ್. ರಾಜ್ಯ, ಕೇಂದ್ರ ಸರ್ಕಾರಗಳ ಸಂಸ್ಥೆಗಳು ಕೂಡಿ 2015ರಲ್ಲಿ ಒಂದು ನಿಗಮ ಮಾಡಿದವು. 2018ರ ಮಾರ್ಚಿಯಲ್ಲಿ ಉದ್ಘಾಟನೆ ಆಯ್ತು. 2019ರ ಕೊನೆಗೆ 2,000 ಮೆಗಾವ್ಯಾಟ್ ದಾಟಿತು. ಕಬ್ಬಿಗೆರೆಯ ಅರ್ಧ ಮೆಗಾವ್ಯಾಟಿನ ಪಕ್ಕ ಇದನ್ನು ಇಟ್ಟು ನೋಡಿ, ನಾಲ್ಕು ಸಾವಿರ ಪಟ್ಟು! ಹೆಸರು 'ಶಕ್ತಿ ಸ್ಥಳ'.

ನ್ಯಾಯವಾಗಿ ಮಾತಾಡೋಣ. ಇಲ್ಲಿ ರೈತರ ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಪಹಣಿಯಲ್ಲಿ ರೈತನ ಹೆಸರು ರೈತನದೇ. ಅಣೆಕಟ್ಟಿಗೆ, ಕಾರ್ಖಾನೆಗೆ ನೆಲ ಕೊಟ್ಟು ಪರಿಹಾರಕ್ಕಾಗಿ ಕೋರ್ಟು ಅಲೆದ ತಲೆಮಾರನ್ನು ಕಂಡವರಿಗೆ ಇದು ಎಷ್ಟೋ ವಾಸಿ. ಮಳೆ ಕೈಕೊಟ್ಟ ನೆಲದಲ್ಲಿ ಬಾಡಿಗೆ ಬರೋದು ಹತ್ತು ಎಕರೆಯವನಿಗಿರಲಿ, ಎರಡು ಎಕರೆಯವನಿಗೂ ಆಸರೆಯೇ. ಇದನ್ನು ಅಲ್ಲಗಳೆಯೋದು ಸುಳ್ಳಾಗ್ತದೆ.

ಈಗ ಲೆಕ್ಕ ಮಾಡಿ. ಇಪ್ಪತ್ತು ಎಕರೆ ಇದ್ದವನಿಗೆ ಮೊದಲ ವರ್ಷ 4,20,000. ಎರಡು ಎಕರೆಯವನಿಗೆ 42,000. ನೆಲವೇ ಇಲ್ಲದವನಿಗೆ? ಸೊನ್ನೆ ಎಕರೆಯನ್ನು 21,000ದಿಂದ ಗುಣಿಸಿದರೂ ಸೊನ್ನೆ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಸಿದರೂ ಸೊನ್ನೆ. ಗಣಿತದಲ್ಲಿ ತಪ್ಪಿಲ್ಲ. ತಪ್ಪಿರೋದು ಎಕರೆಯನ್ನೇ ಮಾನ ಮಾಡಿಕೊಂಡದ್ದರಲ್ಲಿ.

ಸೊನ್ನೆಗೂ ನಿಲ್ಲಲಿಲ್ಲ. ಆ ನೆಲದಲ್ಲಿ ಭೂಹೀನನಿಗೆ ಪಹಣಿ ಇರಲಿಲ್ಲ, ಬದುಕು ಇತ್ತು. ಬಿತ್ತೋದು, ಕಳೆ ತೆಗೆಯೋದು, ಕಡ್ಲೆಕಾಯಿ ಕಿತ್ತು ಬಿಡಿಸೋದು, ಕುರಿ ಮೇಯಿಸೋದು ಇತ್ತು. ಬೇಲಿ ಬಿದ್ದ ದಿನ ಅದಷ್ಟೂ ಬೇಲಿಯ ಆಚೆ ಹೋಯ್ತು. ಒಡೆಯನಿಗೆ ಬೆಳೆ ಹೋಗಿ ಬಾಡಿಗೆ ಬಂತು. ಕೂಲಿಯವಳಿಗೆ ಕೂಲಿ ಹೋಗಿ ಏನೂ ಬರಲಿಲ್ಲ. ಬಂದದ್ದು ಕೆಲವರಿಗೆ ಮಾತ್ರ: ಪ್ಯಾನಲ್ ಸಂದಿಯ ಹುಲ್ಲು ಕೀಳೋದು, ಪ್ಯಾನಲ್ ತೊಳೆಯೋದು, ರಾತ್ರಿ ಕಾವಲು. ನೂರಾರು ವರ್ಷ ಊರಿನ ಕೊಳೆ ತೊಳೆದ ಜನಕ್ಕೆ ಈಗ ಸೂರ್ಯನ ಕನ್ನಡಿ ಒರೆಸುವ ಕೆಲಸ. ಇದನ್ನು ಹೊಸ ಯುಗ ಅಂತಾರೆ.

ಗುತ್ತಿಗೆ ಕರಾರಿನ ವ್ಯಾಕರಣ ನೋಡಿ. ಕರಾರು ಅಂದರೆ ಇಬ್ಬರ ಮಾತು: ನೆಲ ಕೊಡೋನು, ನೆಲ ತಗೊಳ್ಳೋನು. ಆ ನೆಲವನ್ನು ಉತ್ತು, ಹರಗಿ, ಗೊಬ್ಬರ ಹೊತ್ತು ನೆಲ ಮಾಡಿದವಳಿಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ಕರ್ತೃ ಅಲ್ಲ, ಕರ್ಮ ಅಲ್ಲ, ಅಲ್ಪವಿರಾಮದಷ್ಟೂ ಅವಳಿಲ್ಲ. 'ಬರಡು ಭೂಮಿ', 'ಪಾಳು ಭೂಮಿ' ಅನ್ನೋ ಪದಗಳದ್ದೂ ಇದೇ ಹುನ್ನಾರ. ಯಾರ ಕಣ್ಣಿಗೆ ಬರಡು? ಕುರಿ ಮೇಯಿಸೋನ ಕಣ್ಣಿಗೋ? ಸೌದೆ ಆಯುವವಳ ಕಣ್ಣಿಗೋ? ಕಂದಾಯ ಬಾರದ ನೆಲವೆಲ್ಲ ಸರ್ಕಾರದ ಕಣ್ಣಿಗೆ ಪಾಳು. ಆ ಪಾಳಿನಲ್ಲಿ ಬದುಕುವ ಜನವೂ ಹಾಗೇ ಕಾಣ್ತಾರೋ ಏನೋ.

*

ಪಾವಗಡ ಒಂಟಿ ಉದಾಹರಣೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಹವಾಮಾನದ ಹೆಸರಿನಲ್ಲಿ ಬರುವ ಒಳ್ಳೇ ಯೋಜನೆಗಳಲ್ಲೂ ಅದೇ ಗೆರೆ ಓಡ್ತಾ ಇದೆ.

ನಮ್ಮ ಗಡಿಯಾಚೆ ವಯನಾಡಿನಲ್ಲಿ ಮೀನಂಗಾಡಿ ಗ್ರಾಮ ಪಂಚಾಯ್ತಿ ಇದೆ. 2016ರಲ್ಲಿ ಅದು, ನಾವು ಬಿಡುವ ಇಂಗಾಲವನ್ನು ನಾವೇ ಸರಿದೂಗಿಸ್ತೀವಿ ಅಂತ ಹೊರಟಿತು. ಅಷ್ಟು ಚಿಕ್ಕ ಪಂಚಾಯ್ತಿಗೆ ಅಷ್ಟು ದೊಡ್ಡ ಆಸೆ, ಮೆಚ್ಚಲೇಬೇಕು. ಅಲ್ಲಿ 'ಮರದ ಬ್ಯಾಂಕು' ಮಾಡಿದರು. ಮರ ಕಡಿಯದೆ ಉಳಿಸಿಕೊಂಡವನಿಗೆ ಆ ಮರವನ್ನೇ ಅಡವಾಗಿ ಹಿಡಿದು ಬಡ್ಡಿಯಿಲ್ಲದ ಸಾಲ. ಚೆಂದದ ಯೋಚನೆ. ಆದರೆ ಮರ ನಿಲ್ಲೋದಕ್ಕೆ ನೆಲ ಬೇಕು. ಅದೇ ವಯನಾಡಿನ ಪಣಿಯರಲ್ಲಿ ಬಹುಪಾಲು ಜನ ಭೂಹೀನರು. ನಮ್ಮ ಕೊಡಗಿನ ಶುಂಠಿ ಹೊಲಗಳಿಗೂ ಕೂಲಿಗೆ ಬರುವ ಜನ ಅವರು. ಕಾಡಿನ ಜೊತೆ ಎಲ್ಲರಿಗಿಂತ ಹಳೇ ನೆಂಟಸ್ತನ ಇದ್ದವರ ಕೈಯಲ್ಲಿ ಅಡ ಇಡಲು ಒಂದು ಮರ ಇಲ್ಲ.

2024ರಲ್ಲಿ ಕೇಂದ್ರ ಸರ್ಕಾರ ಮನೆಮನೆಯ ಸೂರಿಗೆ ಸೋಲಾರ್ ಅಂತ 'ಸೂರ್ಯ ಘರ್' ಯೋಜನೆ ತಂದಿತು. ಒಂದು ಕಿಲೋವ್ಯಾಟಿಗೆ 30,000, ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ. ಅದನ್ನು ಪಡೆಯಲು ಸ್ವಂತ ಸೂರು ಬೇಕು, ಪ್ಯಾನಲ್ ತಡೆಯುವ ಸೂರು ಬೇಕು, ಉಳಿದ ದುಡ್ಡು ಹಾಕುವ ತಾಕತ್ತು ಬೇಕು. ಗುಡಿಸಲ ಮೇಲೆ, ತೂತು ಬಿದ್ದ ಶೀಟಿನ ಮೇಲೆ, ಬಾಡಿಗೆ ಮನೆಯ ಮೇಲೆ, ಹಕ್ಕುಪತ್ರ ಸಿಗದ ಗುಡಿಸಲು ಸಾಲಿನ ಮೇಲೆ ಬೀಳುವ ಬಿಸಿಲು ಯಾವ ಲೆಕ್ಕಕ್ಕೆ? 2019ರ 'ಕುಸುಮ್' ಯೋಜನೆಯಲ್ಲಿ ಸೋಲಾರ್ ಪಂಪು ಬಂತು. ಪಂಪು ಬೇಕಾದರೆ ಬಾವಿ ಬೇಕು, ಬಾವಿಗೆ ಹೊಲ ಬೇಕು.

ಸಗಣಿಗೆ ದನ, ಬಾಡಿಗೆಗೆ ಎಕರೆ, ಸಾಲಕ್ಕೆ ಮರ, ಸಹಾಯಧನಕ್ಕೆ ತಾರಸಿ, ಪಂಪಿಗೆ ಬಾವಿ. ಇದ್ದವನಿಗೆ ಸೂರ್ಯ ಇನ್ನಷ್ಟು ಕೊಡ್ತಾನೆ. ಇಲ್ಲದವನಿಗೆ ಬೇಗೆ ಮಾತ್ರ ಕೊಡ್ತಾನೆ. ಇದು ಸೂರ್ಯನ ತಪ್ಪೇನಲ್ಲ.

"ನಿಮಗೂ ದೀಪ ಕೊಟ್ಟಿಲ್ಲವೆ?" ಅಂತ ಕೇಳಬಹುದು. ಕೊಟ್ಟರು. ಕೇರಿಗೆ ದೀಪ ಬಂದಾಗಲೆಲ್ಲ ಹೇಗೆ ಬಂತು ನೋಡಿ. ಬಡವರ ಗುಡಿಸಲಿಗೆ ಒಂದು ಬಲ್ಬು ಕೊಟ್ಟ ಯೋಜನೆಯ ಹೆಸರು 'ಭಾಗ್ಯಜ್ಯೋತಿ'. ನಲವತ್ತು ವ್ಯಾಟಿನ ಒಂದು ಬಲ್ಬಿನ ಕೆಳಗೆ ಓದಿ ಪಾಸಾದ ಹುಡುಗ ಹುಡುಗಿಯರು ಈ ನಾಡಿನ ಕೇರಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಬಲ್ಬನ್ನು ನಾವು ಹೀಗಳೆಯೋದಿಲ್ಲ. 2023ರಲ್ಲಿ ಬಂದ 'ಗೃಹಜ್ಯೋತಿ'ಯನ್ನೂ ಹೀಗಳೆಯೋದಿಲ್ಲ; ತಿಂಗಳ ಬಿಲ್ಲು ನೋಡಿ ಎದೆ ಒಡೆದುಕೊಂಡವರಿಗೆ ಅದರ ಬೆಲೆ ಗೊತ್ತು. ಆದರೆ ಕವಿಗಳಾದ ನಮಗೆ ಪದಗಳ ಒಳಗೆ ಕೈ ಹಾಕಿ ನೋಡೋ ಚಾಳಿ. 'ಭಾಗ್ಯ' ಅಂದರೆ ಯಾರೋ ಕೊಟ್ಟದ್ದು, ಹಣೆಯಲ್ಲಿ ಬರೆದದ್ದು, ಕೈಮುಗಿದು ತಗೊಳ್ಳೋದು. ಆ ಪದದ ಬೇರಿನಲ್ಲೇ ಇನ್ನೊಂದು ಪದ ಇದೆ: 'ಭಾಗ'. ಭಾಗ ಅಂದರೆ ಹಿಸ್ಸೆ, ಪಾಲು, ಕೇಳಿ ತಗೊಳ್ಳೋದು. ಅಣ್ಣತಮ್ಮಂದಿರು ಮನೆ ಒಡೆದಾಗ ಯಾರೂ ಭಾಗ್ಯ ಕೇಳೋದಿಲ್ಲ, ಭಾಗ ಕೇಳ್ತಾರೆ. ಈ ನಾಡಿನ ಬಿಸಿಲಿನಲ್ಲಿ ನಮಗೆ ಬೇಕಾದದ್ದು ಭಾಗ.

*

ಭಾಗವನ್ನು ಯಾರ ಮೂಲಕ ಕೇಳೋದು? ಪಂಚಾಯ್ತಿ ಮೂಲಕ ಅಂತ ಎಲ್ಲರೂ ಹೇಳ್ತಾರೆ. ಇಲ್ಲಿ ನಮ್ಮ ಎದೆಯೊಳಗೇ ಒಂದು ಜಗಳ ಇದೆ. ಅದನ್ನು ಮುಚ್ಚಿಡಬಾರದು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರನ್ನು ನೇರವಾಗಿ ಎದುರಿಸಿದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ತಮಗೆ ಸಂತೋಷ ಅಂದರು. ಕೆರೆಯ ನೀರು ಮುಟ್ಟುವ ಹಕ್ಕಿಗೆ 1927ರಲ್ಲಿ ಮಹಾಡಿಗೆ ನಡೆದುಹೋದವರಿಗೆ 'ಊರೊಟ್ಟಿನ ಸೊತ್ತು' ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಊರೊಟ್ಟಿನ ಕೆರೆಯೊಳಗೆ ಕೇರಿಯ ಕೈ ಮುಳುಗದಿದ್ದರೆ ಅದು ಯಾವ ಒಟ್ಟು? ಹಾಗಾಗಿ "ಸ್ಥಳೀಯರಿಗೆ ಅಧಿಕಾರ ಕೊಡಿ, ಎಲ್ಲ ಸರಿಹೋಗ್ತದೆ" ಅಂತ ನಗರದ ಪರಿಸರದ ಗೆಳೆಯರು ಹೇಳಿದಾಗ ನಮಗೆ ಒಳಗೇ ಅಳುಕು. ಸ್ಥಳೀಯ ಅಂದರೆ ಎಷ್ಟೋ ಕಡೆ ಸ್ಥಳೀಯ ಧಣಿ. ಮೀಸಲಾತಿಯಲ್ಲಿ ಗೆದ್ದ ನಮ್ಮ ಹೆಣ್ಣುಮಗಳು ಅಧ್ಯಕ್ಷೆಯ ಕುರ್ಚಿಯ ತುದಿಯಲ್ಲಿ ಕೂತು, ಯಾರೋ ಬರೆದುಕೊಟ್ಟ ಠರಾವಿಗೆ ಸಹಿ ಹಾಕುವ ಪಂಚಾಯ್ತಿಗಳು ಇಲ್ಲವೆ?

ಇವೆ. ಆದರೂ ನಾವು ಪಂಚಾಯ್ತಿಯನ್ನು ಬಿಟ್ಟುಕೊಡಬಾರದು ಅಂತೀವಿ. ಕಾರಣ ಸರಳ. ಹಳ್ಳಿಯಲ್ಲಿ ಎರಡು ಪಟ್ಟಿ ಇವೆ. ಒಂದು ಪಹಣಿ, ಇನ್ನೊಂದು ಮತದಾರರ ಪಟ್ಟಿ. ಪಹಣಿಯಲ್ಲಿ ಭೂಹೀನ ಸೊನ್ನೆ. ಮತದಾರರ ಪಟ್ಟಿಯಲ್ಲಿ ಅವನು ಒಂದು. ಇಪ್ಪತ್ತು ಎಕರೆಯ ಧಣಿಯೂ ಒಂದು. ವ್ಯಕ್ತಿಯೇ ಘಟಕ ಅಂತ ಬಾಬಾಸಾಹೇಬರು ಹೇಳಿದ್ದು ಹಳ್ಳಿಯೊಳಗೆ ಜೀವಂತ ಇರೋ ಜಾಗ ಅದೊಂದೇ. ಇಡೀ ಪ್ರಶ್ನೆ ಇರೋದು ಇಲ್ಲಿ: ಬಿಸಿಲನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು? ಇವತ್ತು ಪಹಣಿಯಲ್ಲಿ ಬರೆದಿದ್ದಾರೆ. ಮತದಾರರ ಪಟ್ಟಿಯಲ್ಲಿ ಬರೆಯಿರಿ ಅಂತ ನಾವು ಕೇಳ್ತೀವಿ.

ಕಾನೂನು ಇದಕ್ಕೆ ಅಡ್ಡ ಇಲ್ಲ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯ ಜೊತೆ ಸಂವಿಧಾನಕ್ಕೆ ಹನ್ನೊಂದನೇ ಅನುಸೂಚಿ ಸೇರಿತು. ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯ ಅದರಲ್ಲಿವೆ. 12ನೆಯದು ಉರುವಲು ಮತ್ತು ಮೇವು. 14ನೆಯದು ಗ್ರಾಮೀಣ ವಿದ್ಯುತ್ತು, ಅದರ ಹಂಚಿಕೆಯೂ ಸೇರಿ. 15ನೆಯದು ಅಸಾಂಪ್ರದಾಯಿಕ ಇಂಧನ. 27ನೆಯದು ದುರ್ಬಲ ವರ್ಗಗಳ, ಮುಖ್ಯವಾಗಿ ಪರಿಶಿಷ್ಟ ಜಾತಿ ಪಂಗಡಗಳ ಕಲ್ಯಾಣ. 29ನೆಯದು ಸಮುದಾಯದ ಆಸ್ತಿಗಳ ರಕ್ಷಣೆ. ಕಾಗದದ ಮೇಲೆ ಒಂದೇ ಪುಟದಲ್ಲಿ ಇರುವ ಇವುಗಳನ್ನು ಒಟ್ಟಿಗೆ ಓದುವವರು ಬೇಕು. 15ನೆಯದನ್ನು 27ನೆಯದರ ಜೊತೆ ಸೇರಿಸಿ ಓದಿದ ದಿನ 'ಸಮುದಾಯ ಇಂಧನ' ಎಂಬ ಮಾತಿಗೆ ಅರ್ಥ ಬರ್ತದೆ.

ಆಗದ ಮಾತು ಅನ್ನೋರಿಗೆ ಎರಡು ಉದಾಹರಣೆ. ಒಂದು ಪಕ್ಕದ್ದು. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯಲ್ಲಿ ಓಡಂತುರೈ ಅಂತ ಗ್ರಾಮ ಪಂಚಾಯ್ತಿ. 2006ರಲ್ಲಿ ಅದು ಬ್ಯಾಂಕಿನಿಂದ ಸಾಲ ಎತ್ತಿ, ತನ್ನ ಉಳಿತಾಯವನ್ನೂ ಹಾಕಿ, 1 ಕೋಟಿ 55 ಲಕ್ಷಕ್ಕೆ 350 ಕಿಲೋವ್ಯಾಟಿನ ಗಾಳಿಯಂತ್ರ ಕೊಂಡಿತು. ಬಳಸಿ ಮಿಕ್ಕಿದ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿತು. ಯಂತ್ರದ ಒಡೆಯ ಯಾರು? ಪಂಚಾಯ್ತಿ. ಆದಾಯ ಬರೋದು ಯಾರ ಲೆಕ್ಕಕ್ಕೆ? ಪಂಚಾಯ್ತಿಯ ಲೆಕ್ಕಕ್ಕೆ. ಅಂದರೆ ಅದರ ಖರ್ಚನ್ನು ಗ್ರಾಮಸಭೆಯಲ್ಲಿ ಎಕರೆ ಇಲ್ಲದವನೂ ಎದ್ದು ನಿಂತು ಕೇಳಬಹುದು. ಬಾಡಿಗೆ ದುಡ್ಡು ಒಡೆಯನ ಜೇಬಿಗೆ ಹೋದಾಗ ಹಾಗೆ ಕೇಳುವಂತಿಲ್ಲ.

ಇನ್ನೊಂದು ದೂರದ್ದು. ಇಂಗ್ಲೆಂಡಿನ ಬ್ರಿಸ್ಟಲ್ ನಗರಸಭೆ 2018ರ ನವೆಂಬರಿನಲ್ಲಿ, ಆ ದೇಶದಲ್ಲೇ ಮೊದಲು, ಹವಾಮಾನ ತುರ್ತುಸ್ಥಿತಿ ಅಂತ ಠರಾವು ಮಾಡಿತು. ಠರಾವು ಯಾರು ಬೇಕಾದರೂ ಮಾಡ್ತಾರೆ, ಅದು ದೊಡ್ಡದಲ್ಲ. ಅದೇ ನಗರದ ಅಂಚಿನಲ್ಲಿ ಲಾರೆನ್ಸ್ ವೆಸ್ಟನ್ ಅಂತ ಬಡವರ ಬಡಾವಣೆ ಇದೆ. ಎರಡನೇ ಮಹಾಯುದ್ಧದ ನಂತರ ನಗರಸಭೆಯೇ ಕಟ್ಟಿದ ಮನೆಗಳು. ಅಲ್ಲಿನ ನಿವಾಸಿಗಳ ಸಂಘ ನಗರಸಭೆಯ ನೆಲದಲ್ಲಿ, ಸಾಲ ತಂದು, 4.2 ಮೆಗಾವ್ಯಾಟಿನ ದೊಡ್ಡ ಗಾಳಿಯಂತ್ರ ನಿಲ್ಲಿಸಿ 2023ರಲ್ಲಿ ಕರೆಂಟು ಶುರು ಮಾಡಿತು. ಲಾಭ ಆ ಬಡಾವಣೆಯ ಕೆಲಸಕ್ಕೇ. ಅಲ್ಲಿ ನಮ್ಮಲ್ಲಿರುವಂಥ ಕೇರಿ ಇಲ್ಲ, ಹೋಲಿಕೆ ಪೂರ್ತಿ ಹೊಂದೋದಿಲ್ಲ. ಆದರೆ ನೆಲದ ಒಡೆತನ ಇಲ್ಲದವರೂ ಯಂತ್ರದ ಒಡೆಯರಾಗಬಹುದು ಅನ್ನೋ ಮಾತು ಹೊಂದ್ತದೆ. ನೆಲ ಸಾರ್ವಜನಿಕದ್ದು, ಸಾಲ ಸಂಘದ್ದು, ಲಾಭ ಕೇರಿಯದು. ನಮ್ಮಲ್ಲಿ ಯಾಕಾಗಬಾರದು?

*

ನಮ್ಮ ಬೇಡಿಕೆಗಳನ್ನು ಬಿಡಿಸಿ ಹೇಳ್ತೀವಿ.

ಗೋಮಾಳದಲ್ಲಿ, ಕೆರೆ ಅಂಗಳದಲ್ಲಿ, ಸರ್ಕಾರಿ ನೆಲದಲ್ಲಿ ಎಲ್ಲೇ ಪ್ಯಾನಲ್ ಹಾಕಿದರೂ ಮೊದಲ ಹಕ್ಕು ಆ ಪಂಚಾಯ್ತಿಯ ಭೂಹೀನರ ಸಂಘಕ್ಕೆ. ಪಟ್ಟಾ ನೆಲ ಗುತ್ತಿಗೆಗೆ ಹೋದರೆ, ಬಾಡಿಗೆಯ ಜೊತೆಗೇ ಆ ನೆಲದಲ್ಲಿ ದುಡಿದವರಿಗೆ ಒಂದು ಪಾಲು ಕರಾರಿನಲ್ಲೇ ಬರೆಯಬೇಕು. ಪಾಲನ್ನು ತಲೆ ಎಣಿಸಿ ಕೊಡಬೇಕು, ಎಕರೆ ಅಳೆದು ಅಲ್ಲ. 2013ರಲ್ಲಿ ಈ ರಾಜ್ಯವೇ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯ್ದೆ ಮಾಡಿತು. ಜನಸಂಖ್ಯೆಗೆ ತಕ್ಕಷ್ಟು ದುಡ್ಡು ತೆಗೆದಿಡಬೇಕು ಅಂತ ಅದು ಹೇಳ್ತದೆ. ಆ ದುಡ್ಡು ರಸ್ತೆ ಡಾಂಬರಿಗೆ ಸೋರೋದು ಬಿಟ್ಟು ಕೇರಿಯ ಸಂಘದ ಹೆಸರಿಗೆ ಬಂಡವಾಳವಾಗಲಿ.

ಇನ್ನೊಂದು ಕಾಯ್ದೆ ನಮ್ಮ ಹುಡುಗರಿಗೆ ಬಾಯಿಪಾಠ ಆಗಬೇಕು. ನಮ್ಮವರಿಗೆ ಮಂಜೂರಾದ ನೆಲ ಕೈಬಿಟ್ಟು ಹೋಗದಿರಲಿ ಅಂತ 1978ರಲ್ಲಿ ಬಂದ ಪಿಟಿಸಿಎಲ್ ಕಾಯ್ದೆ. ಆ ಕಾಯ್ದೆಯ 'ವರ್ಗಾವಣೆ' ಎಂಬ ಪದದೊಳಗೆ ಮಾರಾಟ, ಅಡಮಾನ ಮಾತ್ರವಲ್ಲ, ಗುತ್ತಿಗೆಯೂ ಸೇರಿದೆ. ಸೋಲಾರ್ ಕಂಪನಿಯ ಏಜೆಂಟು ಇಂಗ್ಲಿಷಿನ ಕಾಗದ ಹಿಡಿದು ಹಟ್ಟಿಗೆ ಬಂದು "ಮಾರೋದೇನಲ್ಲ, ಬರೀ ಬಾಡಿಗೆ, ಇಲ್ಲೊಂದು ಸಹಿ ಹಾಕಪ್ಪ" ಅಂದಾಗ ಈ ಒಂದು ಪದ ಗೊತ್ತಿದ್ದರೆ ಸಾಕು, ಪೆನ್ನು ಕೆಳಗಿಡಬಹುದು. ಓದು ಅಂದರೆ ಇದೇ.

ಗ್ರಾಮಸಭೆಗೆ ಮುಂಚೆ ಕೇರಿಯಲ್ಲಿ ವಾರ್ಡ್ ಸಭೆ ನಡೆಯಲಿ. ಅದು ಕೇರಿಯ ಜಗಲಿಯ ಮೇಲೇ ನಡೆಯಲಿ, ಕೂಲಿ ಮುಗಿದು ಬಂದ ಹೊತ್ತಿಗೆ ನಡೆಯಲಿ, ಹೆಂಗಸರು ಮಾತಾಡುವ ತನಕ ನಡೆಯಲಿ. ಎಷ್ಟು ಯೂನಿಟ್ಟು ಹುಟ್ಟಿತು, ಎಷ್ಟಕ್ಕೆ ಮಾರಿತು, ದುಡ್ಡು ಎಲ್ಲಿಗೆ ಹೋಯ್ತು ಅನ್ನೋದು ಪಂಚಾಯ್ತಿ ಗೋಡೆಯ ಮೇಲೆ ದಪ್ಪ ಕನ್ನಡದಲ್ಲಿ ಬರೆದಿರಲಿ. ಪ್ಯಾನಲ್ ತೊಳೆಯುವ ಕೈಗೇ ಮೀಟರು ಓದುವ ಕೆಲಸ, ಎಂಜಿನಿಯರ್ ಕೆಲಸ ಕಲಿಸುವ ಶಾಲೆ ಅಲ್ಲೇ ತೆರೆಯಲಿ. ತೊಳೆಯೋದೇ ನಮ್ಮ ಕುಲಕಸುಬು ಅಂತ ಸೂರ್ಯನ ಕೈಲೂ ಹೇಳಿಸಬೇಡಿ.

ಬರೆಯುವ ಗೆಳೆಯರಿಗೂ ಒಂದು ಮಾತು. ನವೋದಯದ ಕಾಲದಿಂದ ಕನ್ನಡ ಕಾವ್ಯದಲ್ಲಿ ಬೆಳಕು ಎಂಬ ಪದಕ್ಕೆ ಬರವಿಲ್ಲ. ಜ್ಞಾನ ಬೆಳಕು, ದೇವರು ಬೆಳಕು, ನಾಡು ಬೆಳಕು. ಬೆಳಕಿಗೂ ಬೆಲೆ ಇದೆ, ಯೂನಿಟ್ಟಿಗೆ ಇಷ್ಟು ಅಂತ ಇದೆ, ಅದರ ಒಡೆಯ ಇದ್ದಾನೆ ಅಂತ ಬರೆದವರು ಕಡಿಮೆ. ಬಂಡಾಯದ ಹೊಸ ಹುಡುಗರು ಪಾವಗಡದ ಬೇಲಿಯ ಪಕ್ಕ ನಡೆದು ಬರಲಿ. ಬೇಲಿಯ ಈಚೆ ಕುರಿ ಹಿಡಿದು ನಿಂತವರ ಜೊತೆ, ಆಚೆ ಬಕೆಟ್ಟು ಹಿಡಿದು ಪ್ಯಾನಲ್ ಒರೆಸುವವರ ಜೊತೆ ಮಾತಾಡಲಿ. ಅಲ್ಲಿ ತೆಲುಗು ಬೆರೆತ ಕನ್ನಡದಲ್ಲಿ ಸಿಗುವ ಮಾತಿಗೆ ಅಲಂಕಾರ ಬೇಕಾಗೋದಿಲ್ಲ.

ಕಲ್ಲಿದ್ದಲ ಹೊಗೆ ಇಳಿಯಲೇಬೇಕು, ಭೂಮಿ ತಣಿಯಲೇಬೇಕು. ಆದರೆ ತಣಿದ ಭೂಮಿಯಲ್ಲೂ ಊರು ಊರಾಗಿ, ಕೇರಿ ಕೇರಿಯಾಗಿಯೇ ಉಳಿಯೋದಾದರೆ ಬೇಗೆ ಇಳಿದದ್ದು ಯಾರಿಗೆ? ಮುಂದಿನ ಗ್ರಾಮಸಭೆಗೆ ಹೋಗಿ. ಹಿಂದಿನ ಸಾಲಿನಲ್ಲಿ ನಿಲ್ಲಬೇಡಿ. 'ಸಮುದಾಯ' ಎಂಬ ಮಾತು ಬಂದ ಕೂಡಲೆ ಎದ್ದು ಕೇಳಿ: ಅದರಲ್ಲಿ ನಮ್ಮ ಭಾಗ ಎಷ್ಟು?